ತಾಲೀಮಿನಲ್ಲಿ ಹೇಳದ ಮಾತು

ನನಗೆ ಮರೆವು ಆರಂಭವಾಗಿದೆ ಎಂಬ ಸುದ್ದಿ ಹುಟ್ಟಿದ್ದು ಡೆಟ್ರಾಯಿಟ್ ಬಳಿಯ ನೋವೈ ಊರಿನ ಒಂದು ಮನೆಯ ಬೇಸ್‌ಮೆಂಟಿನಲ್ಲಿ, ಚಹಾಕ್ಕೂ ಚಕ್ಕುಲಿಗೂ ನಡುವೆ. ಹುಟ್ಟಿಸಿದವರು ಯಾರು, ಅದಕ್ಕೆ ತುಸು ಮುಂಚೆ ಯಾರು ಎಲ್ಲಿ ಕುಳಿತಿದ್ದರು, ಯಾರು ನಕ್ಕರು, ಯಾರು ನಗು ತಡೆದುಕೊಂಡು ಕಾರ್ಪೆಟ್ ನೋಡಿದರು ಎಂಬುದೆಲ್ಲ ನನಗೆ ಇಂದಿಗೂ ನೆನಪಿದೆ. ಮರೆವಿನ ಆರೋಪ ಹೊತ್ತವನಿಗೆ ಇಷ್ಟು ನೆನಪಿರುವುದೇ ಆರೋಪಕ್ಕೆ ಸಾಕಷ್ಟು ಉತ್ತರವೆಂದು ಭಾವಿಸಿದ್ದೇನೆ. ಆದರೂ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡುವುದು ಒಳ್ಳೆಯದು. ಅದರಲ್ಲಿ ನನ್ನ ವಿಷಯ ಮಾತ್ರವಲ್ಲ, ಒಬ್ಬ ಇಂಗ್ಲಿಷ್ ನಟನ ವಿಷಯವೂ ಇದೆ. ಆತ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ.

ಅದು ಕಾರುಗಳನ್ನೇ ನಂಬಿಕೊಂಡ ಊರುಗಳಿಗೆ ಕೆಟ್ಟ ಕಾಲ. ನೋವೈ ಪಕ್ಕದ ವಿಕ್ಸಮ್‌ನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ ಪಾರ್ಕಿಂಗ್ ಲಾಟುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು; ಬಿದ್ದ ಹಿಮ ತೆಗೆಯುವವರಿಲ್ಲದೆ ಅಲ್ಲಿಯೇ ಗಟ್ಟಿಯಾಗುತ್ತಿತ್ತು. ನಾನು ಅಲ್ಲಿನ ಒಂದು ಬಿಡಿಭಾಗಗಳ ಕಂಪನಿಯಲ್ಲಿ ಕಾರಿನ ಬಾಗಿಲುಗಳ ಚಿಲಕದ ವಿನ್ಯಾಸ ಮಾಡುತ್ತಿದ್ದೆ. ಬಾಗಿಲು ಮುಚ್ಚಿದಾಗ ತಗಡಿನ ಡಬ್ಬಿ ಮುಚ್ಚಿದ ಸದ್ದು ಬರಬಾರದು, ಮರದ ಪೆಟ್ಟಿಗೆ ಮುಚ್ಚಿದ ಸದ್ದು ಬರಬೇಕು: ನನ್ನ ಇಡೀ ವೃತ್ತಿಜೀವನವನ್ನು ಇಷ್ಟರಲ್ಲಿ ಹೇಳಿ ಮುಗಿಸಬಹುದು. ಆ ವರ್ಷ ಕಂಪನಿಯವರು ನಮ್ಮನ್ನೆಲ್ಲ ಕರೆದು, ನಿಮ್ಮ ನಿಮ್ಮ ಕುರ್ಚಿಗೆ ನೀವೇ ಹೊಸದಾಗಿ ಅರ್ಜಿ ಹಾಕಿಕೊಳ್ಳಿ ಎಂದರು. ಹಾಕಿದೆ. ನನ್ನ ಮಗಳಿಗಿಂತ ಚಿಕ್ಕವಳಾದ ಮ್ಯಾನೇಜರ್ ಒಬ್ಬಳು, ನಾನೇ ವಿನ್ಯಾಸ ಮಾಡಿದ ಚಿಲಕವೊಂದನ್ನು ಮೇಜಿನ ಮೇಲಿಟ್ಟು, ಇದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವಿರಾ ಎಂದು ಕೇಳಿದಳು. ವಿವರಿಸಿದೆ. ನಗುತ್ತ ತಲೆಯಾಡಿಸಿದಳು. ಆ ಶುಕ್ರವಾರ ನನ್ನ ಕುರ್ಚಿ ನನ್ನದಾಗಿರಲಿಲ್ಲ. ಕೆಲಸ ಹೋದದ್ದನ್ನು ಕ್ಷಮಿಸಬಲ್ಲೆ, ಎಷ್ಟೋ ಜನರದು ಹೋಯಿತು. ಆ ಪರೀಕ್ಷೆಯನ್ನು ಕ್ಷಮಿಸಲಾರೆ.

ನನ್ನ ಹೆಂಡತಿ ಆಗ ಇಲಿನಾಯ್‌ನ ಪ್ಲೇನ್‌ಫೀಲ್ಡ್‌ನಲ್ಲಿ, ಮಗಳ ಮನೆಯಲ್ಲಿದ್ದಳು. ಮೊಮ್ಮಗ ಹುಟ್ಟಿದ್ದ. ಮಗಳೂ ಅಳಿಯನೂ ಇರುವ ಕೆಲಸ ಉಳಿಸಿಕೊಳ್ಳಲು ಹೊತ್ತಿಗೆ ಮುಂಚೆ ಹೋಗಿ ಹೊತ್ತು ಮೀರಿ ಬರುತ್ತಿದ್ದರು. ಮಗುವಿಗೆ ಅಜ್ಜಿಯೇ ದಿಕ್ಕು. ವಿಕ್ಸಮ್‌ನ ಮನೆ ಮಾರಿ ನಾನೂ ಅಲ್ಲಿಗೆ ಹೋಗುವುದೆಂದು ತೀರ್ಮಾನವಾಗಿ ಮನೆಯ ಮುಂದೆ ಬೋರ್ಡು ನೆಟ್ಟೆವು. ಕೊಳ್ಳುವವರಿರಲಿ, ನೋಡುವವರೂ ಬರಲಿಲ್ಲ. ಖಾಲಿ ಬಿಟ್ಟರೆ ಚಳಿಗೆ ನೀರಿನ ಪೈಪು ಒಡೆಯುತ್ತದೆಂದು ಒಬ್ಬರಾದರೂ ಇರಬೇಕಾಗಿತ್ತು. ಹಾಗೆ ನಾನು ಪೈಪುಗಳ ಕಾವಲುಗಾರನಾಗಿ ಉಳಿದೆ. ತಿಂಗಳಿಗೊಮ್ಮೆ ಪ್ಲೇನ್‌ಫೀಲ್ಡ್‌ಗೆ ಡ್ರೈವ್ ಮಾಡಿಕೊಂಡು ಹೋಗಿ, ಎಲ್ಲರೊಂದಿಗೆ ಅರೋರಾದ ದೇವಸ್ಥಾನ ನೋಡಿ, ಭಾನುವಾರ ಒಬ್ಬನೇ ಹಿಂದಿರುಗುತ್ತಿದ್ದೆ. ನಡುದಾರಿಯ ಕಲಮಜೂ ಊರು ಸಮೀಪಿಸುವಾಗ ಶಿಕಾಗೋ ರೇಡಿಯೋ ಕರಗಿಹೋಗಿ ಡೆಟ್ರಾಯಿಟ್ ರೇಡಿಯೋ ಇನ್ನೂ ಹಿಡಿಯದ ಒಂದಿಷ್ಟು ದಾರಿ ಇತ್ತು. ಅಲ್ಲಿ ನನ್ನ ಪಾತ್ರದ ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ.

ಪಾತ್ರವೆಂದೆ, ಅದೇನೆಂದು ಹೇಳಬೇಕು. ನಮ್ಮ ಕಡೆಯ ಕೆಲವು ಕನ್ನಡದ ಮನೆಯವರು ಸೇರಿ ಒಂದು ಸಣ್ಣ ನಾಟಕ ತಂಡ ಕಟ್ಟಿಕೊಂಡಿದ್ದೆವು. ವರ್ಷಕ್ಕೊಂದು ನಾಟಕ, ನವೆಂಬರ್ ತಿಂಗಳಲ್ಲಿ, ಬಾಡಿಗೆಗೆ ಹಿಡಿದ ಹೈಸ್ಕೂಲಿನ ಆಡಿಟೋರಿಯಂನಲ್ಲಿ. ಆ ವರ್ಷದ್ದನ್ನು ತಂಡದವರೇ ಬರೆದಿದ್ದರು. ರೈಲುಗಳು ನಿಲ್ಲುವುದನ್ನೇ ಬಿಟ್ಟಿರುವ ಒಂದು ಸ್ಟೇಷನ್, ಅದನ್ನು ಮುಚ್ಚಲು ಬಂದ ಅಧಿಕಾರಿಗಳು, ಒಪ್ಪದ ಒಬ್ಬ ಮುದಿ ಸ್ಟೇಷನ್ ಮಾಸ್ಟರ್. ಸ್ಟೇಷನ್ ಮಾಸ್ಟರ್ ನಾನು. ಕೊನೆಯಲ್ಲಿ ಎಲ್ಲರೂ ಹೊರಟುಹೋದ ಮೇಲೆ ಅವನು ಲಾಟೀನು ಎತ್ತಿ ಹಿಡಿದು ಒಂದೇ ಒಂದು ಮಾತು ಹೇಳುತ್ತಾನೆ, ಪರದೆ ಮುಚ್ಚುತ್ತದೆ. ಇಡೀ ನಾಟಕ ನಿಂತಿರುವುದು ಆ ಮಾತಿನ ಮೇಲೆ. ಬೆಳಿಗ್ಗೆ ಎದ್ದರೆ ಹೋಗಲು ಜಾಗವಿಲ್ಲದವನಿಗೆ ಆ ಪಾತ್ರ ಏನಾಗಿತ್ತೆಂದು ಬಣ್ಣಿಸುವುದಿಲ್ಲ. ನಾನು ಬಾರದಿದ್ದರೆ ಕೆಲಸ ನಿಲ್ಲುತ್ತದೆ ಎನ್ನಬಹುದಾದ ಜಾಗ ಆಗ ಅದೊಂದೇ ಉಳಿದಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು ಎರಡನೆಯ ದೃಶ್ಯವನ್ನು ಅಭ್ಯಾಸ ಮಾಡುತ್ತಿದ್ದೆ. ಕೋಪದಿಂದ ಹೊರಟುಹೋಗುವ ಘಟ್ಟ. ತಿರುಗಿ ಹೊರಟೆ. ಹಿಂದಿನಿಂದ ಒಂದು ಧ್ವನಿ ಕೇಳಿಸಿತು.

“ನಿನ್ನ ಬೆನ್ನು ನೋಡೋಕೆ ನಾನು ರಸ್ತೆ ದಾಟಿ ಬಂದಿಲ್ಲ, ಯಂಗ್ ಮ್ಯಾನ್.”

ಎದುರು ಮನೆಯ ಮುದುಕಿ. ವಾಕರ್ ಹಿಡಿದು ನಮ್ಮ ಗ್ಯಾರೇಜಿನ ಮುಂದಿನ ಡ್ರೈವ್‌ವೇಯ ತುದಿಯಲ್ಲಿ ನಿಂತಿದ್ದರು. ತೊಂಬತ್ತಕ್ಕೆ ಹತ್ತಿರದ ವಯಸ್ಸು. ಎಷ್ಟೋ ವರ್ಷಗಳಿಂದ ಕೈಬೀಸುವುದಕ್ಕಿಂತ ಹೆಚ್ಚಿನ ಪರಿಚಯ ನಮಗಿರಲಿಲ್ಲ. (ಅವರ ಮಾತೆಲ್ಲ ಇಂಗ್ಲಿಷಿನದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.)

“ಕ್ಷಮಿಸಿ ಮ್ಯಾಮ್, ಗಲಾಟೆ ಆಯಿತೇನೋ” ಎಂದೆ.

“ಗಲಾಟೆ ಆಗಲಿ. ಹೋಗುವಾಗ ಮುಖ ಕೊನೆಗೆ ಹೋಗಬೇಕು. ಮೊದಲು ಕಾಲು, ಆಮೇಲೆ ಭುಜ, ಎಲ್ಲಕ್ಕಿಂತ ಕೊನೆಗೆ ಮುಖ. ಇನ್ನೊಂದು ಸಲ ಮಾಡು.”

ಕೆಲಸ ಕಳೆದುಕೊಂಡ ಮೇಲೆ ನನಗೆ ಯಾರೂ ಏನನ್ನೂ ಇನ್ನೊಂದು ಸಲ ಮಾಡು ಎಂದಿರಲಿಲ್ಲ. ಮಾಡಿದೆ. ಅವರು ತೃಪ್ತರಾಗಲಿಲ್ಲ, ಮರುದಿನವೂ ಬಂದರು. ಆಮೇಲೆ ಅವರಿಗಾಗಿ ಗ್ಯಾರೇಜಿನಲ್ಲಿ ಒಂದು ಮಡಚುವ ಕುರ್ಚಿ ಇಟ್ಟೆ.

ಅವರ ತಂದೆ ನಟರಾಗಿದ್ದರು. ಆ ಕಥೆಯನ್ನು ಅವರು ನನಗೆ ತುಂಡು ತುಂಡಾಗಿ, ಹಿಂದುಮುಂದಾಗಿ ಹೇಳಿದರು. ನಾನು ಸರಿಯಾದ ಕ್ರಮದಲ್ಲಿ ಹೇಳುತ್ತೇನೆ.

ಉತ್ತರ ಇಂಗ್ಲೆಂಡಿನ ಒಂದು ಗಿರಣಿ ಊರಿನಲ್ಲಿ ದರ್ಜಿಯ ಮಗನಾಗಿ ಹುಟ್ಟಿದ ಆತ ಮೊದಲು ರಂಗವನ್ನೇರಿದ್ದು ಕ್ರಿಸ್‌ಮಸ್ ನಾಟಕದ ಕತ್ತೆಯೊಂದರ ಹಿಂಗಾಲಾಗಿ. ಮುಂಗಾಲಾಗಿದ್ದ ಹುಡುಗನಿಗೆ ಕಾಯಿಲೆಯಾದಾಗ ಮುಂದಕ್ಕೆ ಬಡ್ತಿ ಸಿಕ್ಕಿತಂತೆ. ಅಲ್ಲಿಂದ ಊರೂರು ತಿರುಗುವ ಕಂಪನಿಗಳು. ವಾರವೆಲ್ಲ ನಾಟಕ, ಭಾನುವಾರವೆಲ್ಲ ರೈಲು. ಸಿಕ್ಕ ಪಾತ್ರಗಳು: ತಟ್ಟೆಯಲ್ಲಿ ಪತ್ರ ತರುವ ಆಳು, ಬಾಗಿಲಲ್ಲಿ ನಿಂತು ಅತಿಥಿಗಳ ಹೆಸರು ಕೂಗುವವನು, ಕೊಲೆಯಾಗುವ ಚಿಕ್ಕಪ್ಪ. ಕೊನೆಗೆ ಮಾತುಗಳುಳ್ಳ ಪಾತ್ರಗಳು ಸಿಕ್ಕಿ, ಹಡಗು ಹತ್ತಿ ಅಮೆರಿಕಕ್ಕೆ ಹೊರಟ ಒಂದು ಕಂಪನಿಯಲ್ಲಿ ಎರಡನೆಯ ಖಳನಾಯಕನಾಗಿ ಶಿಕಾಗೋ ತಲುಪಿದ. ಕಂಪನಿ ಅಲ್ಲಿಯೇ ಒಡೆಯಿತು. ಉಳಿದವರು ಹಡಗಿಗೆ ಮರಳಿದರು, ಈತ ಮರಳಲಿಲ್ಲ.

ಆ ಕಾಲದಲ್ಲಿ ಶಿಕಾಗೋ ನಗರದ ಉತ್ತರಕ್ಕೆ ಸಿನಿಮಾ ಸ್ಟುಡಿಯೋಗಳಿದ್ದವು. ಇಂದು ಅಲ್ಲಿನವರಿಗೇ ಅದು ತಿಳಿದಿರುವುದಿಲ್ಲ. ನಮ್ಮ ಅಳಿಯನಿಗೆ ಹೇಳಿದರೆ ಅವನು ಫೋನಿನಲ್ಲಿ ಹುಡುಕಿ ನೋಡಿ ಆಮೇಲೆ ನಂಬಿದ. ಈತ ಹಗಲು ಸ್ಟುಡಿಯೋದಲ್ಲಿ ಮೂಕಿ ಚಿತ್ರಗಳಲ್ಲಿ ನಟಿಸಿ, ಸಂಜೆ ರಂಗಭೂಮಿಗೆ ಓಡುತ್ತಿದ್ದ. ನಾಟಕದವರು ಸಿನಿಮಾದಲ್ಲಿ ಮುಖ ತೋರಿಸುವುದು ಆಗ ಮಾನಹಾನಿ. ಆದ್ದರಿಂದ ದೊಡ್ಡ ಮೀಸೆ, ಕೆನ್ನೆಗೂದಲು, ಕಪ್ಪು ಕನ್ನಡಕಗಳ ಹಿಂದೆ ಅಡಗಿ ನ್ಯಾಯಾಧೀಶನಾದ, ಜಮೀನ್ದಾರನಾದ, ಬಟ್ಲರ್ ಆದ. ತೆರೆಯ ಮೇಲೆ ಹೆಸರು ಹಾಕಬೇಡಿ ಎಂದು ತಾನೇ ಬೇಡಿಕೊಳ್ಳುತ್ತಿದ್ದನಂತೆ. ನಂತರದ ಕಾಲ ಆ ಬೇಡಿಕೆಯನ್ನು ಅಗತ್ಯಕ್ಕಿಂತ ಚೆನ್ನಾಗಿ ನಡೆಸಿಕೊಟ್ಟಿತು. ನಾನು ಶಿಕಾಗೋದ ಲೈಬ್ರರಿಯೊಂದರಲ್ಲಿ ಇಂಥ ನಟರನ್ನು ಕುರಿತ ಒಂದು ದಪ್ಪ ಆಕರಗ್ರಂಥ ತೆರೆದು ನೋಡಿದೆ. ಈತನಿಗೆ ಅಲ್ಲಿ ಸಿಕ್ಕಿದ್ದು ಒಂದೂವರೆ ಸಾಲು. ಅದರಲ್ಲಿ ಅರ್ಧ ಸಾಲು ತಪ್ಪು: ಕ್ಯಾಲಿಫೋರ್ನಿಯಾದಲ್ಲಿ ನಿಧನ ಎಂದಿತ್ತು. ಸತ್ತದ್ದು ಡೆಟ್ರಾಯಿಟ್ ನಗರದಲ್ಲಿ, ಮಗಳ ಕಣ್ಣೆದುರಿಗೆ. ಪ್ರಕಾಶಕರಿಗೆ ತಿದ್ದುಪಡಿ ಕಳುಹಿಸಿದೆ. ಅವರು ಇಂದಿನವರೆಗೆ ಉತ್ತರಿಸಿಲ್ಲ.

ಸ್ಟುಡಿಯೋಗಳು ಬಿಸಿಲು ಹುಡುಕಿಕೊಂಡು ಪಶ್ಚಿಮಕ್ಕೆ ಹೋದಾಗ ಈತನೂ ಹೋದ, ಒಂದು ಚಳಿಗಾಲ ಕಳೆದು ಹಿಂದಿರುಗಿದ. ಹೆಂಡತಿ ಡೆಟ್ರಾಯಿಟ್ ಕಡೆಯವಳು, ತವರಿನ ಓಣಿ ಬಿಟ್ಟು ಹೊರಡಲಿಲ್ಲ. ಡೆಟ್ರಾಯಿಟ್‌ನ ಒಂದು ಥಿಯೇಟರಿನಲ್ಲಿ ವಾರಕ್ಕೊಂದು ಹೊಸ ನಾಟಕ ಆಡುವ ಕಂಪನಿ ಸೇರಿದ. ಮಾತನಾಡುವ ಚಿತ್ರಗಳು ಬಂದಾಗ, ಇನ್ನು ನನ್ನ ಧ್ವನಿಗೆ ಬೆಲೆ ಬಂದೀತು ಎಂದುಕೊಂಡ. ಆದರೆ ಆ ಚಿತ್ರಗಳು ಮೊದಲು ಮಾಡಿದ ಕೆಲಸವೆಂದರೆ ಈತನ ಥಿಯೇಟರಿನ ಪ್ರೇಕ್ಷಕರನ್ನು ಕರೆದುಕೊಂಡು ಹೋದದ್ದು. ಹಿಂದೆಯೇ ಮಹಾ ಆರ್ಥಿಕ ಕುಸಿತ. ಕಾರಿನ ಕಂಪನಿಗಳು ತಮ್ಮ ಮಾರಾಟಗಾರರಿಗೆ ತೋರಿಸಲು ಮಾಡಿಸುತ್ತಿದ್ದ ಪ್ರಚಾರ ಚಿತ್ರಗಳಲ್ಲಿ ಕಾರು ಕೊಳ್ಳುವ ಗೃಹಸ್ಥನ ಪಾತ್ರ ಮಾಡಿದ. ಕಡೆಯ ವರ್ಷಗಳಲ್ಲಿ ಡಿಸೆಂಬರ್ ಬಂದರೆ ದೊಡ್ಡ ಅಂಗಡಿಯೊಂದರಲ್ಲಿ ಗಡ್ಡ ಕಟ್ಟಿಕೊಂಡು ಸಾಂತಾಕ್ಲಾಸ್ ಆಗಿ ಕುಳಿತ. ಮಗಳು ಇತರ ಮಕ್ಕಳ ಜೊತೆ ಸಾಲಿನಲ್ಲಿ ನಿಂತು ಅಪ್ಪನನ್ನು ನೋಡಿ ಬರುತ್ತಿದ್ದರು.

“ನನ್ನ ಗುರುತು ಸಿಕ್ಕದವರ ಹಾಗೆ ಮಾತಾಡಿಸೋರು” ಎಂದರು ಆಕೆ. “ಹೆಸರೇನು ಮಗೂ ಅಂತ ಕೇಳೋರು. ಮನೆಗೆ ಬಂದ ಮೇಲೆ ಸಹ ಆ ಮಾತು ಎತ್ತುತ್ತಿರಲಿಲ್ಲ. ಅಷ್ಟು ಒಳ್ಳೆ ನಟ.”

ಆತನ ಚಿತ್ರಗಳಲ್ಲಿ ಆಕೆಯ ಬಳಿ ಉಳಿದಿದ್ದು ಒಂದೇ, ಆ ಕಾರಿನ ಪ್ರಚಾರ ಚಿತ್ರ. ಯಾರೋ ಅದನ್ನು ಡಿವಿಡಿಗೆ ಹಾಕಿಕೊಟ್ಟಿದ್ದರು. ಅವರ ಮನೆಯ ಹಳೆಯ ಟಿವಿಯಲ್ಲಿ ನೋಡಿದೆವು. ಟೋಪಿ ಹಾಕಿದ ಎತ್ತರದ ಮನುಷ್ಯನೊಬ್ಬ ಕಾರಿನಿಂದ ಇಳಿದು, ಬಾಗಿಲನ್ನು ನೋಡದೆಯೇ, ಎರಡು ಬೆರಳಿನಿಂದ ಹಿಂದಕ್ಕೆ ತಳ್ಳುತ್ತಾನೆ. ಬಾಗಿಲು ಮುಚ್ಚುತ್ತದೆ, ಅವನ ಮುಖದಲ್ಲಿ ಒಂದು ಸಣ್ಣ ಸಮಾಧಾನ ಮೂಡುತ್ತದೆ. ಆ ಕಾಲದ ಚಿಲಕ ನನಗೆ ಗೊತ್ತು. ಅದು ಎರಡು ಬೆರಳಿಗೆ ಮುಚ್ಚುವಂಥದ್ದಲ್ಲ, ಭುಜ ಕೊಟ್ಟು ನೂಕಬೇಕು. ಆತ ಭುಜ ಕೊಟ್ಟಿದ್ದ; ಆದರೆ ಭುಜ ಕೊಟ್ಟದ್ದು ಕಾಣದಂತೆ ಕೊಟ್ಟಿದ್ದ. ನಾನು ಅದನ್ನು ಹೇಳಿದಾಗ ಆಕೆ ನನ್ನ ಕಡೆ ತಿರುಗಿ, “ಇಷ್ಟು ವರ್ಷಕ್ಕೆ ಅದನ್ನು ಕಂಡವನು ನೀನೊಬ್ಬ” ಎಂದರು. ನನ್ನ ಕೆಲಸದ ಬಗ್ಗೆ ಆ ವರ್ಷ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ.

ಇನ್ನು ಆ ಪದ್ಧತಿಯ ವಿಷಯ. ಇಂಗ್ಲಿಷ್ ರಂಗಭೂಮಿಯ ಹಳಬರು ತಾಲೀಮಿನಲ್ಲಿ ನಾಟಕದ ಕಟ್ಟಕಡೆಯ ಮಾತನ್ನು ಆಡುತ್ತಿರಲಿಲ್ಲ. ಅಲ್ಲಿಯವರೆಗೆ ಬಂದು, ಸುಮ್ಮನೆ ನಿಂತು, ತಾಲೀಮು ಮುಗಿಸಿಬಿಡುತ್ತಿದ್ದರು. ಪ್ರೇಕ್ಷಕರಿಲ್ಲದೆ ನಾಟಕ ಮುಗಿಯಕೂಡದು, ಮುಗಿಸಿದರೆ ಕೇಡು ಎಂಬ ನಂಬಿಕೆ. ಆಕೆಯ ತಂದೆ ಅದನ್ನು ಕಡೆಯವರೆಗೂ ಪಾಲಿಸಿದರು. ಡೆಟ್ರಾಯಿಟ್ ಕಂಪನಿಯ ಕೊನೆಯ ನಾಟಕದಲ್ಲಿ ಕೊನೆಯ ಮಾತು ಆತನದೇ ಆಗಿತ್ತು. ತಾಲೀಮು ನಡೆಯುತ್ತಿರುವಾಗಲೇ ಥಿಯೇಟರಿಗೆ ಬೀಗ ಬಿತ್ತು. ನಾಟಕ ರಂಗಕ್ಕೆ ಬರಲೇ ಇಲ್ಲ.

“ಆ ಮಾತು ಏನು ಅಂತ ಎಷ್ಟು ಸಲ ಕೇಳಿದೀನೋ” ಎಂದರು ಆಕೆ. “ನಾಟಕ ಇನ್ನೂ ಶುರುವಾಗಿಲ್ಲವಲ್ಲ ಮಗೂ ಅನ್ನೋರು. ಆಸ್ಪತ್ರೆಯಲ್ಲಿ ಕೂಡ ಕೇಳಿದೆ. ನಕ್ಕರು. ಅಷ್ಟೇ.”

ಅಂದಿನಿಂದ ನಾನೂ ನನ್ನ ನಾಟಕದ ಕೊನೆಯ ಮಾತನ್ನು ಗ್ಯಾರೇಜಿನಲ್ಲಿ ಹೇಳುವುದನ್ನು ನಿಲ್ಲಿಸಿದೆ. ನಾನು ಮೂಢನಂಬಿಕೆಯವನಲ್ಲ. ಆದರೆ ಒಬ್ಬ ಸಜ್ಜನ ಕಲಾವಿದನ ಪದ್ಧತಿಯನ್ನು ಮುಂದುವರಿಸಲು ಜಗತ್ತಿನಲ್ಲಿ ಬೇರೆ ಯಾರೂ ಉಳಿದಿಲ್ಲವೆಂದಾಗ ಅದನ್ನು ಪಾಲಿಸುವುದು ಮರ್ಯಾದೆ.

ತಂಡದವರಿಗೆ ಇದು ಮರ್ಯಾದೆಯಾಗಿ ಕಾಣಲಿಲ್ಲ. ಸೆಪ್ಟೆಂಬರ್‌ನಲ್ಲಿ ನೋವೈಯಲ್ಲಿ ತಂಡದವರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಪೂರ್ತಿ ತಾಲೀಮುಗಳು ಶುರುವಾದವು. ನಾನು ಲಾಟೀನು ಎತ್ತುತ್ತಿದ್ದೆ, ಸುಮ್ಮನೆ ನಿಲ್ಲುತ್ತಿದ್ದೆ. ಪರದೆಯ ಹೊಣೆ ಹೊತ್ತಿದ್ದವನು, ಅವನೂ ಆ ವರ್ಷ ಕೆಲಸ ಕಳೆದುಕೊಂಡವನೇ, ಬೇಸ್‌ಮೆಂಟಿನಲ್ಲಿ ಪರದೆ ಇಲ್ಲದ್ದರಿಂದ ಗಾಳಿಯಲ್ಲಿ ಹಗ್ಗ ಎಳೆದು “ಸರ್ರ್” ಎನ್ನುತ್ತಿದ್ದ. ಅಲ್ಲಿಗೆ ತಾಲೀಮು ಮುಗಿಯುತ್ತಿತ್ತು. ಮೊದಮೊದಲು ಯಾರೂ ಏನೂ ಹೇಳಲಿಲ್ಲ. ಒಂದು ಶನಿವಾರ ನಿರ್ದೇಶಕ ಬಾಯಿ ತೆರೆದ. ನಲವತ್ತರ ಸಾಫ್ಟ್‌ವೇರ್ ಮನುಷ್ಯ, ಬೆಂಗಳೂರಿನವನು.

“ಅಂಕಲ್, ಲಾಸ್ಟ್ ಲೈನ್?”

“ಅದನ್ನ ನಾಟಕದ ದಿನ ಹೇಳ್ತೀನಪ್ಪ.”

“ಇವತ್ತ್ ಯಾಕ್ ಬೇಡ?”

ನಾನು ಆ ನಟನ ವಿಷಯ, ಪದ್ಧತಿಯ ವಿಷಯ, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಮೆಟ್ಟಿಲ ಮೇಲೆ ಕುಳಿತಿದ್ದ, ಅಧಿಕಾರಿಯ ಪಾತ್ರದವನು ಚಕ್ಕುಲಿ ಮುರಿಯುತ್ತ ಹೇಳಿದ:

“ಬ್ರಿಟಿಷ್ರು ಬಿಟ್ಟುಹೋಗಿ ಅರವತ್ತ್ ವರ್ಷ ಆಯ್ತು. ನಮ್ ಅಂಕಲ್ ಇನ್ನೂ ಅವರ ರೂಲ್ಸ್ ಫಾಲೋ ಮಾಡ್ತಿದಾರೆ!”

ನಕ್ಕರು. ಅದನ್ನು ಕ್ಷಮಿಸಬಹುದಿತ್ತು, ವಾಕ್ಯ ಚೆನ್ನಾಗಿತ್ತು. ಆದರೆ ನಾನು ಕೋಟು ತೆಗೆದುಕೊಳ್ಳಲು ಮೇಲೆ ಹೋದಾಗ ಕೆಳಗಿನಿಂದ ಇನ್ನೊಂದು ಮಾತು ಕೇಳಿಸಿತು. ಆ ಮನೆಯೊಡತಿಯ ಧ್ವನಿ.

“ಪಾಪ, ಮರ್ತ್ಹೋಗತ್ತೆ ಅನ್ಸತ್ತೆ ಕಣ್ರೀ. ಹೇಳಕ್ಕೆ ನಾಚ್ಕೆ, ಅದಕ್ಕೇ ಈ ಕಥೆ. ಲೇ-ಆಫ್ ಆದ್ಮೇಲೆ ಹಿಂಗಾಗಿದಾರೆ. ಆಂಟಿನೂ ಜೊತೇಲಿಲ್ಲ, ನೋಡಿ.”

ಆ ‘ಪಾಪ’ ಎಂಬ ಎರಡಕ್ಷರ ನನ್ನೊಂದಿಗೆ ಕಾರಿನಲ್ಲಿ ಮನೆಗೆ ಬಂತು, ಊಟಕ್ಕೂ ಕುಳಿತಿತು.

ಮುಂದಿನ ತಾಲೀಮಿನಲ್ಲಿ ಎಲ್ಲರೂ ಅತಿಯಾದ ವಿನಯದಿಂದ ಇದ್ದರು. ನನಗೆ ಕುರ್ಚಿ ಎಳೆದುಕೊಟ್ಟರು. ಯಾರೋ ಬಾದಾಮಿ ತಂದಿದ್ದರು, ನೆನಪಿಗೆ ಒಳ್ಳೆಯದಂತೆ. ನಿರ್ದೇಶಕ ಲಾಟೀನನ್ನು ನನ್ನ ಮುಂದಿನ ಸಣ್ಣ ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದ:

“ಅಂಕಲ್, ಒಂದೇ ಒಂದ್ಸಲ ಹೇಳ್ಬಿಡಿ. ನಿಮಗ್ ನೆನಪಿದೆ ಅಂತ ಎಲ್ರಿಗೂ ಗೊತ್ತಾಗ್ಲಿ. ಆಮೇಲೆ ನಾನ್ ಕೇಳೋದೇ ಇಲ್ಲ, ಪ್ರಾಮಿಸ್.”

ಮೇಜಿನ ಮೇಲೆ ಲಾಟೀನಿತ್ತು. ನನಗೆ ಕಂಡದ್ದು ಚಿಲಕ. ಇದು ಹೇಗೆ ಕೆಲಸ ಮಾಡುತ್ತದೆ, ವಿವರಿಸುವಿರಾ? ಆ ದಿನ ನಾನು ವಿವರಿಸಿದ್ದೆ. ವಿವರಿಸಿದ್ದರಿಂದ ಏನಾಯಿತೆಂದೂ ನೋಡಿದ್ದೆ.

“ಹೇಳೋದಿಲ್ಲ” ಎಂದೆ.

“ಹಾಗಾದ್ರೆ ನಾನ್ ರಿಸ್ಕ್ ತಗೊಳಕ್ಕಾಗಲ್ಲ ಅಂಕಲ್. ಟಿಕೆಟ್ ಮಾರಿದೀವಿ.”

“ತಗೋಬೇಡ.”

ಪಾತ್ರ ಧಾರವಾಡದ ಕಡೆಯ ಒಬ್ಬ ಹಲ್ಲಿನ ಡಾಕ್ಟರಿಗೆ ಹೋಯಿತು. ಒಳ್ಳೆಯ ಮನುಷ್ಯ. ಆತ ಕೊನೆಯ ಮಾತನ್ನು ಪ್ರತಿ ತಾಲೀಮಿನಲ್ಲೂ ಹೇಳಿದನೆಂದೂ, ಚೆನ್ನಾಗಿ ಹೇಳಿದನೆಂದೂ, ಕೇಳದಿದ್ದರೂ ನನಗೆ ತಿಳಿಸಿದವರಿದ್ದರು. ಹೆಂಡತಿಗೆ ಫೋನಿನಲ್ಲಿ ವಿಷಯ ಹೇಳಿದೆ. ಹಿಂದೆ ಮಗು ಅಳುತ್ತಿತ್ತು.

“ಹೇಳ್ಬಿಟ್ಟಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು ರೀ?” ಎಂದಳು.

“ನಿನಗರ್ಥ ಆಗಲ್ಲ.”

“ನಂಗೆಲ್ಲಾ ಅರ್ಥ ಆಗತ್ತೆ. ಆ ಮುದುಕಿ ಮಾತ್ ಕೇಳ್ಕೊಂಡು ಇದ್ದ ಒಂದ್ ಪಾತ್ರಾನೂ ಕಳ್ಕೊಂಡ್ರಿ. ರಾತ್ರಿಗೆ ಏನ್ ಮಾಡ್ಕೊಂಡ್ರಿ? ಬರೀ ಮೊಸರನ್ನ ತಿನ್ಬೇಡಿ.”

ಮೊಸರನ್ನವನ್ನೇ ತಿಂದೆ.

ನಾಟಕ ಒಂದು ಭಾನುವಾರದ ಮಧ್ಯಾಹ್ನ. ಹೋಗಬಾರದೆಂದಿದ್ದೆ. ಎದುರು ಮನೆಯವರು ಬಿಡಲಿಲ್ಲ. “ನಟ ಪ್ರೇಕ್ಷಕರಲ್ಲಿ ಕೂರೋಕೂ ಕಲಿಯಬೇಕು” ಎಂದು ಮುತ್ತಿನ ಓಲೆ, ಬಿಳಿ ಕೈಗವಸು ಹಾಕಿಕೊಂಡು ತಯಾರಾಗಿ ನಿಂತಿದ್ದರು. ಆಡಿಟೋರಿಯಂ ತುಂಬಿತ್ತು. ಮಡಚಿದ ವಾಕರನ್ನು ಕಾಲ ಬಳಿ ಇಟ್ಟುಕೊಂಡು ಅಂಚಿನ ಸೀಟುಗಳಲ್ಲಿ ಕುಳಿತೆವು. ಆಕೆಗೆ ಕನ್ನಡ ಒಂದಕ್ಷರ ತಿಳಿಯದು; ಆದರೂ ಗ್ಯಾರೇಜಿನಲ್ಲಿ ಅಷ್ಟು ಸಲ ಕೇಳಿದ್ದರಿಂದ ಯಾವ ಮಾತು ಎಲ್ಲಿ ಬರುತ್ತದೆಂದು ಗೊತ್ತಿತ್ತು. ಡಾಕ್ಟರು ಕೋಪದಿಂದ ತಿರುಗಿ ಹೊರಟಾಗ ನನ್ನ ಮೊಣಕೈ ತಿವಿದು “ಬೆನ್ನು” ಎಂದರು.

ಡಾಕ್ಟರು ಕೆಟ್ಟದಾಗಿ ಮಾಡಲಿಲ್ಲ. ಸ್ಟೇಷನ್ ಮಾಸ್ಟರ್ ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಳ್ಳುವುದಿಲ್ಲ, ಅದೊಂದು ಬಿಟ್ಟರೆ ಬೇರೆ ದೂರಿಲ್ಲ. ಕೊನೆಯ ದೃಶ್ಯ ಬಂತು. ಅಧಿಕಾರಿಗಳು ಹೋದರು. ಬೆಳಕು ಕುಗ್ಗಿತು. ಡಾಕ್ಟರು ನಿಧಾನವಾಗಿ ಲಾಟೀನು ಎತ್ತಿದರು. ಡಾಕ್ಟರು ಉಸಿರು ತೆಗೆದುಕೊಂಡು ಬಾಯಿ ತೆರೆದರು. ಪರದೆ ಮುಚ್ಚಿಕೊಂಡಿತು.

ಮಾತು ಹೊರಬರಲಿಲ್ಲ. ಚಪ್ಪಾಳೆ ಬಿತ್ತು. ದೀರ್ಘವಾದ ಚಪ್ಪಾಳೆ. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬರು “ಸಖತ್ ಎಂಡಿಂಗ್” ಎಂದರು.

ನಡೆದದ್ದು ಇಷ್ಟು. ಪರದೆ ಎಳೆಯುವವನು ನನ್ನ ಮೊದಮೊದಲ ತಾಲೀಮುಗಳಿಗೆಲ್ಲ ಬಂದಿದ್ದ. ಕೊನೆಯ ಮಾತಿನ ತಕರಾರು ಏಳುವ ಮುಂಚೆಯೇ ಅವನು ಕೆಲಸ ಹುಡುಕಿಕೊಂಡು ಟೆಕ್ಸಸ್‌ಗೆ ಹೋಗಿದ್ದ. ಹಿಂದಿರುಗಿದ್ದು ನಾಟಕದ ದಿನ, ಏರ್‌ಪೋರ್ಟಿನಿಂದ ನೇರವಾಗಿ. ಅವನಿಗೆ ತಿಳಿದಿದ್ದ ನಾಟಕ ಲಾಟೀನು ಎತ್ತಿದಲ್ಲಿಗೆ ಮುಗಿಯುತ್ತಿತ್ತು.

ಹೊರಗಿನ ಕಾರಿಡಾರಿನಲ್ಲಿ ಪುಳಿಯೋಗರೆಯ ಪೊಟ್ಟಣಗಳನ್ನು ಹಂಚುತ್ತಿದ್ದರು. ಅದರ ಪಕ್ಕದಲ್ಲೇ ವಿಚಾರಣೆ ನಡೆದಿತ್ತು.

“ಲಾಸ್ಟ್ ಲೈನ್ ಬಿಟ್ಟು ಹೆಂಗೋ ಎಳ್ದೆ?” ಎಂದು ನಿರ್ದೇಶಕ ಕೇಳುತ್ತಿದ್ದ.

“ಅಲ್ಲಿ ಲೈನ್ ಇದೆ ಅಂತ ಯಾರ್ ಹೇಳಿದ್ರು ಗುರು? ಲಾಟೀನ್ ಎತ್ತಿದ್ರು, ಎಳ್ದೆ. ಅಂಕಲ್ ಹಂಗೇ ಮಾಡ್ತಿದ್ದಿದ್ದು!”

ನಿರ್ದೇಶಕ ನನ್ನನ್ನು ಕಂಡ. “ನೋಡಿ ಅಂಕಲ್, ಎಲ್ಲಾ ನಿಮ್ಮಿಂದ” ಎಂದ. ಮರೆತವನಿಂದ ಇಷ್ಟೆಲ್ಲ ಆಗಲು ಸಾಧ್ಯವೇ ಎಂದು ಕೇಳಬಹುದಿತ್ತು. ಅದು ನನಗೆ ಹೊಳೆದದ್ದು ಕಾರಿಗೆ ಬಂದ ಮೇಲೆ.

ಡಾಕ್ಟರು ಮಾತ್ರ ಮೀಸೆ ಕೀಳುತ್ತ ನನ್ನ ಹತ್ತಿರ ಬಂದರು. “ಏನ್ ಮಾಡ್ಲಿ ಸರ, ಲಾಟೀನ್ ಎತ್ತಿದೆ, ಬಾಯಿ ತಗದೆ, ಪರದೆ ಬಂತು. ನಿಮ್ಮ ಮಾತು ನನ್ನ ಹತ್ರಾನ ಉಳೀತು ನೋಡ್ರಿ. ಹೊಳ್ಳಿ ತಗೋರಿ ಅದನ್ನ” ಎಂದು ನನ್ನ ಕೈ ಹಿಡಿದು ಅಲುಗಿಸಿದರು. ಆ ತಂಡದಲ್ಲಿ ನನಗೆ ಯಾರ ಮೇಲಾದರೂ ಏನೂ ಸಿಟ್ಟಿಲ್ಲವೆಂದರೆ ಆತನ ಮೇಲೆ.

ಎದುರು ಮನೆಯವರನ್ನು ಕರೆದುಕೊಂಡು ಹೊರಟೆ. ಅವರ ಡ್ರೈವ್‌ವೇಗೆ ಬಂದು ಕಾರು ನಿಲ್ಲಿಸುವ ಹೊತ್ತಿಗೆ ನವೆಂಬರಿನ ಸಂಜೆ ಕವಿಯುತ್ತಿತ್ತು. ನಾನು ಇಳಿದು ಹೋಗಿ ಅವರ ಕಡೆಯ ಬಾಗಿಲು ತೆರೆದೆ. ಅವರು ಇಳಿಯಲಿಲ್ಲ.

“ಕೊನೆಯ ಮಾತು ಹೇಳಲಿಲ್ಲ, ಅಲ್ಲವೇ?”

“ಇಲ್ಲ ಮ್ಯಾಮ್. ನಿಮಗೆ ಹೇಗೆ ಗೊತ್ತಾಯಿತು?”

“ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ.” ಸ್ವಲ್ಪ ಹೊತ್ತು ಕೈಗವಸು ನೋಡಿಕೊಂಡರು. “ಈಗ ನೀನು ಹೇಳು.”

“ಇಲ್ಲಿಯೇ?”

“ನನ್ನಪ್ಪ ಹೇಳದೆ ಹೋದರು. ಅವರ ನಾಟಕ ಶುರುವಾಗಲಿಲ್ಲ, ಅವರಿಗೆ ಕಾರಣ ಇತ್ತು. ನಿನ್ನದು ಶುರುವಾಗಿದೆ. ಟಿಕೆಟ್ ಹರಿದಿದಾರೆ, ನಾನು ನೋಡಿದೀನಿ. ಇನ್ನು ಇಟ್ಟುಕೊಳ್ಳೋಕೆ ನಿನಗೆ ಹಕ್ಕಿಲ್ಲ. ನಿಂತುಕೋ ಅಲ್ಲಿ, ಲೈಟಿನ ಮುಂದೆ.”

ಹೆಡ್‌ಲೈಟುಗಳ ಮುಂದೆ ಹೋಗಿ ನಿಂತೆ. ಕೈಯಲ್ಲಿ ಪುಳಿಯೋಗರೆಯ ಚೀಲವಿತ್ತು. ಬೇರೇನೂ ಇಲ್ಲದ್ದರಿಂದ ಅದನ್ನೇ ಲಾಟೀನಿನಂತೆ ಎತ್ತಿದೆ. ನಮ್ಮ ಬಡಾವಣೆಯ ಆ ರಸ್ತೆಯಲ್ಲಿ ಅರ್ಧ ಮನೆಗಳಲ್ಲಿ ಜನರಿರಲಿಲ್ಲ. ಎರಡು ಮನೆಗಳ ಮುಂದೆ ಮಾರಾಟದ ಬೋರ್ಡುಗಳಿದ್ದವು, ಅದರಲ್ಲಿ ಒಂದು ನನ್ನದು. ಹೇಳಿದೆ:

“ದೀಪ ಆರಿಸಬೇಡಿ. ಇನ್ನೂ ಒಬ್ಬರು ಇಳಿಯೋರಿದ್ದಾರೆ.”

ಕಾರಿನೊಳಗಿನಿಂದ ಅರ್ಥವೇನೆಂದು ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅದನ್ನು ತುಟಿಯಲ್ಲಿ ಒಮ್ಮೆ ಆಡಿಕೊಂಡರು.

“ಒಳ್ಳೆಯ ಮಾತು” ಎಂದರು. “ಅವಸರ ಮಾಡಿದೆ.”

“ಏನಂದಿರಿ?”

“ಆರಿಸಬೇಡಿ ಅಂದ ಮೇಲೆ ನಿಲ್ಲಬೇಕು. ಅವನು ಆ ದಾರಿಯನ್ನು ನೋಡಬೇಕು. ಯಾರೂ ಇಲ್ಲ ಅಂತ ಅವನಿಗೆ ಗೊತ್ತಾಗಬೇಕು. ಆಮೇಲೆ ಎರಡನೆಯದು. ಆದರೆ ಇನ್ನೊಂದು ಸಲ ಬೇಡ. ನಾಟಕ ಒಂದೇ ಸಲ ಮುಗಿಯೋದು.” ಕೈಗವಸುಗಳನ್ನು ಕಳಚಿ, ಬರಿಗೈಯಿಂದ ಮೂರು ನಾಲ್ಕು ಸಲ ಚಪ್ಪಾಳೆ ತಟ್ಟಿ, ವಾಕರ್ ಕೇಳಿದರು.

ಅವರನ್ನು ಒಳಗೆ ಬಿಟ್ಟು, ಮನೆಗೆ ಬಂದು ಪ್ಲೇನ್‌ಫೀಲ್ಡ್‌ಗೆ ಫೋನ್ ಮಾಡಿದೆ. ಹೆಂಡತಿ ಫೋನ್ ಎತ್ತಿ ಪಿಸುಗುಟ್ಟಿದಳು.

“ಈಗಷ್ಟೇ ಮಲಗಿದಾನೆ. ಹೇಗಾಯ್ತು ನಾಟಕ?”

“ಆಯ್ತು.”

“ಊಟ?”

“ಪುಳಿಯೋಗರೆ ಕೊಟ್ಟಿದಾರೆ.”

“ಸರಿ ಬಿಡಿ. ಇಡ್ಲಾ? ಎದ್ಬಿಡ್ತಾನೆ.”

ಇಟ್ಟಳು. ಪುಳಿಯೋಗರೆಗೆ ಉಪ್ಪು ಕಡಿಮೆಯಿತ್ತು.

ಮುಂದಿನ ವಸಂತದಲ್ಲಿ ಎದುರು ಮನೆಯವರನ್ನು ಸೋದರಳಿಯನೊಬ್ಬ ಬಂದು ಓಹಾಯೋಗೆ ಕರೆದುಕೊಂಡು ಹೋದ. ಹೋಗುವಾಗ ಕಾರಿನ ಬಾಗಿಲನ್ನು ನಾನು ಮುಚ್ಚಿದೆ. ಸರಿಯಾದ ಸದ್ದು ಬಂತು. ಅವರು ಕಿಟಕಿಯ ಆಚೆಯಿಂದ ಏನೋ ಹೇಳಿದರು, ಕೇಳಿಸಲಿಲ್ಲ. ನನ್ನ ಮನೆ ಮಾರಾಟವಾಗಲು ಆಮೇಲೂ ಬಹಳ ಕಾಲ ಹಿಡಿಯಿತು. ತಂಡದವರು ಮರುವರ್ಷ ಕರೆಯಲಿಲ್ಲ, ಕರೆಯಬಹುದಿತ್ತು.

ತಿಂಗಳಿಗೊಮ್ಮೆ ಪ್ಲೇನ್‌ಫೀಲ್ಡ್‌ನಿಂದ ಹಿಂದಿರುಗುವಾಗ, ರೇಡಿಯೋ ಸತ್ತುಹೋಗುವ ಆ ದಾರಿಯಲ್ಲಿ ಸ್ಟೇಷನ್ ಮಾಸ್ಟರನ ಮಾತುಗಳನ್ನೆಲ್ಲ ಮೊದಲಿನಿಂದ ಹೇಳಿಕೊಳ್ಳುತ್ತಿದ್ದೆ. ಒಂದೂ ಮರೆತಿರಲಿಲ್ಲ. ಕೊನೆಯ ಮಾತು ಬಂದಾಗ ಎದುರು ಮನೆಯವರು ಹೇಳಿದಂತೆ ಮಾತಿನ ನಡುವೆ ತಡೆದು, ಎದುರಿನ ರಸ್ತೆಯನ್ನು ನೋಡಿ, ಆಮೇಲೆ ಎರಡನೆಯ ಭಾಗ ಹೇಳುತ್ತಿದ್ದೆ. ಅದು ಸರಿಯಾಗಿ ಬರುತ್ತಿತ್ತೆಂದು ನನ್ನ ಅಭಿಪ್ರಾಯ. ಆದರೆ ಹೌದೋ ಅಲ್ಲವೋ ಎಂದು ಹೇಳಬಲ್ಲವರು ಓಹಾಯೋದಲ್ಲಿದ್ದರು.